ನೀರ್ಗಂಟಿ ತೋರಿಸಿದ ಕಾಲುವೆ

ಹೋದ ತಿಂಗಳು ತಾರಸಿ ಮೇಲಿನ ಕುಂಡಗಳಿಗೆಂದು ಎರಡು ಚೀಲ ಕೆರೆ ಗೋಡು ತರಿಸಿದೆ. ಕೆರೆಯ ತಳದಲ್ಲಿ ವರ್ಷಗಟ್ಟಲೆ ಕೂತು ಕಪ್ಪಾದ ಮಣ್ಣು ಅದು. ಹಿಂದೆಲ್ಲ ಗಾಡಿ ಕಟ್ಟಿಕೊಂಡು ಹೋಗಿ ಬೇಕಾದಷ್ಟು ತುಂಬಿಕೊಂಡು ಬರುತ್ತಿದ್ದರು. ಈಗ ತಿ. ನರಸೀಪುರದ ಗೊಬ್ಬರದಂಗಡಿಯಲ್ಲಿ ಚೀಲ ಹೊಲಿದು ಮಾರುತ್ತಾರೆ. ಹೆಂಟೆ ಒಡೆದು ನೀರು ಚಿಮುಕಿಸಿದಾಗ ವಾಸನೆ ಎದ್ದಿತು. ಮೊದಲ ಮಳೆಗೆ ಏಳುವ ಘಮದ ಹಾಗಲ್ಲ. ಇದರಲ್ಲಿ ಕೊಳೆತ ಜೊಂಡು, ಕಪ್ಪೆಚಿಪ್ಪು, ಮೀನಿನ ನಾತ ಎಲ್ಲ ಸೇರಿರುತ್ತದೆ. ಹಿತವಾದ ವಾಸನೆಯೇನಲ್ಲ. ಸೋಪು ಹಾಕಿ ಎರಡು ಸಲ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದುಬಿಟ್ಟಿತು. ಸಂಜೆ ಕಾಫಿ ಲೋಟ ಬಾಯಿಯ ಹತ್ತಿರ ತಂದಾಗ ಮತ್ತೆ ಅದೇ ವಾಸನೆ. ಆಗ ನಮ್ಮೂರಿನ ನೀರ್ಗಂಟಿ ನೆನಪಾದರು.

ನಮ್ಮೂರು ಇರುವುದು ನಂಜನಗೂಡು ತಾಲ್ಲೂಕಿನಲ್ಲಿ, ಕವಲಂದೆಯ ಆಚೆಗೆ. ಊರ ಪಡುವಣಕ್ಕೆ ಒಂದು ಕೆರೆ. ಈ ನೀರ್ಗಂಟಿಯ ಅಜ್ಜ, ಅಪ್ಪ ಇಬ್ಬರೂ ಆ ಕೆರೆಯ ನೀರ್ಗಂಟಿಗಳು. ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆ ಗದ್ದೆಗೆ ನೀರು ಬಿಡುವುದು ಅವರ ಮನೆತನದ ಕೆಲಸ. ಕೆರೆಗೆ ನೀರು ಬರುವುದು ನಿಂತ ಮೇಲೆ ಆ ಕೆಲಸವೂ ನಿಂತಿತು. ಇವರು ಪಂಚಾಯ್ತಿಯ ವಾಟರ್‌ಮನ್ ಆದರು. ಬೆಳಗ್ಗೆ ಎದ್ದು ಬೋರ್‌ವೆಲ್ಲಿನ ಮೋಟಾರು ಹಾಕಿ, ಬೀದಿ ಬೀದಿಗೆ ವಾಲ್ವು ತಿರುಗಿಸುತ್ತಾ ಹೋಗುತ್ತಿದ್ದರು. ಊರಿನವರು ಮಾತ್ರ ನೀರ್ಗಂಟಿ ಅಂತಲೇ ಕರೆಯುತ್ತಿದ್ದರು. ತೆಳ್ಳಗಿನ ಆಳು, ಉದ್ದ ಕಾಲು, ಹೆಗಲ ಮೇಲೆ ಯಾವಾಗಲೂ ಒಂದು ಗುದ್ದಲಿ. ವಾಲ್ವು ತಿರುಗಿಸುವುದಕ್ಕೆ ಗುದ್ದಲಿ ಏಕೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮದು ಊರಲ್ಲಿ ಜಮೀನು ಇದ್ದ ಮನೆ. ಅವರ ಮನೆ ಕಾಲೋನಿಯಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. 'ನೀರ್ಗಂಟಿ ಬಂದವ್ನ ನೋಡು' ಎಂದು ನಾನೂ ಚಿಕ್ಕವಳಿದ್ದಾಗ ಕೂಗಿದ್ದೇನೆ, ನನಗಿಂತ ಮೂವತ್ತು ವರ್ಷ ದೊಡ್ಡವರನ್ನು. ಅವರ ಅಪ್ಪ ನಮ್ಮ ಅಪ್ಪನನ್ನು 'ಬುದ್ಧಿ' ಎನ್ನುತ್ತಿದ್ದರಂತೆ. ಇವರು 'ಯಜಮಾನ್ರೇ' ಎನ್ನುತ್ತಿದ್ದರು. ಆ ವ್ಯತ್ಯಾಸ ಅಪ್ಪನಿಗೆ ಗೊತ್ತಾಗಿತ್ತು, ಆದರೆ ಅದರ ಬಗ್ಗೆ ಏನೂ ಅನ್ನುತ್ತಿರಲಿಲ್ಲ.

ಕೆರೆ ಉಳಿಸುವ ಕೆಲಸ ಶುರುವಾದಾಗ ನಾನು ನಮ್ಮೂರಿನದೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಂಜನಗೂಡಿನಿಂದ ಒಂದು ಸಂಸ್ಥೆಯವರು ಬಂದು, ಊರವರೇ ಸಮಿತಿ ಮಾಡಿಕೊಂಡರೆ ಹೂಳೆತ್ತಲು ಜೆಸಿಬಿ ಕೊಡಿಸುತ್ತೇವೆ ಎಂದರು. ಅಪ್ಪ ಸಮಿತಿಯ ಅಧ್ಯಕ್ಷರಾದರು. ಬರೆಯಲು ಬರುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಕೆರೆ ಆಗ ಕೆರೆಯ ಹಾಗಿರಲಿಲ್ಲ. ಒಳಗೆಲ್ಲ ಬಳ್ಳಾರಿ ಜಾಲಿ ಬೆಳೆದು, ಕುರಿಗಳು ನುಗ್ಗಿದರೆ ಹೊರಗೆ ಬರುವಷ್ಟರಲ್ಲಿ ಉಣ್ಣೆ ಅರ್ಧ ಮುಳ್ಳಿನ ಪಾಲಾಗುತ್ತಿತ್ತು.

ಆ ಬೇಸಿಗೆ ಊರಿಗೆ ಊರೇ ಕೆರೆಯಲ್ಲಿತ್ತು. ಭಾನುವಾರ ಭಾನುವಾರ ಶ್ರಮದಾನ. ಹೆಂಗಸರು ಮಣ್ಣು ತುಂಬಿದ ಮಂಕರಿ ಹೊತ್ತರು, ನಂಜನಗೂಡಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ರಜೆಯ ದಿನ ಬಂದು ಜಾಲಿ ಕಡಿದರು. ಜೆಸಿಬಿ ಎತ್ತಿ ಹಾಕಿದ ಗೋಡನ್ನು ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊಲಗಳಿಗೆ ಸಾಗಿಸಿದವು. ಮನೆಯೊಳಗೂ ಅದೇ ವಾಸನೆ. ಅಮ್ಮ ಒಗೆದ ಬಟ್ಟೆಯಲ್ಲೂ ಅದೇ. ಪರಿಸರ ದಿನಕ್ಕೆ ಬ್ಯಾನರು, ಬಿಳಿ ಟೋಪಿ, ಮಜ್ಜಿಗೆ ಎಲ್ಲ ಆಯಿತು. ನನ್ನ ಶಾಲೆಯ ಮಕ್ಕಳು ಏರಿಯ ಉದ್ದಕ್ಕೂ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರು.

ಮಾರನೇ ದಿನ ನೋಡಿದರೆ ಏರಿಯ ಮೇಲೆ ಒಂದು ಸಸಿಯೂ ಇಲ್ಲ. ಎಲ್ಲವೂ ಏರಿಯಿಂದ ಆಚೆಗೆ, ಸಾಕಷ್ಟು ದೂರದಲ್ಲಿ, ಬದುವಿನ ಸಾಲಿನಲ್ಲಿ ನಿಂತಿದ್ದವು. ನೀರ್ಗಂಟಿ ಒಬ್ಬರೇ ಕಿತ್ತು ಅಲ್ಲಿ ನೆಟ್ಟಿದ್ದರು. ನನಗೆ ಸಿಟ್ಟು ಬಂತು. ಕೇಳಿದೆ.

"ಏರಿ ಮ್ಯಾಲ ಮರ ಬ್ಯಾಡ ಕಣವ್ವ," ಎಂದರು. "ಬೇರು ಸತ್ತು ಕೊಳ್ತ್ರ ಅದೇ ತೂತು. ನೀರು ಅಲ್ಲೇ ದಾರಿ ಮಾಡ್ಕತದ."

ವಿಜ್ಞಾನದ ಟೀಚರಾದ ನನಗೆ ಅದು ಗೊತ್ತಿರಲಿಲ್ಲ. ಹೊರಟಾಗ ಅವರು ಹಿಂದಿನಿಂದ ಇನ್ನೊಂದು ಮಾತು ಕೇಳಿದರು. "ಅಲ್ಲ ಟೀಚರವ್ವ, ಗೋಡು ತಗುದ್ರಿ, ಸರಿ. ನೀರು ಬರ ದಾರಿ ನೋಡುದ್ರಾ?"

ಮಳೆ ಬಂದರೆ ಬರುತ್ತದೆ ಎಂದೆ. ಅವರು ತಲೆ ಆಡಿಸಿದರು. ಸಮ್ಮತಿಸಿ ಆಡಿಸಿದರೋ ಬೇರೆ ಏನಕ್ಕೋ... ಆಗ ನಾನು ಗಮನಿಸಲಿಲ್ಲ.

ಹೂಳೆತ್ತುವ ಕೊನೆಯ ವಾರ ಅವರು ನಾಲ್ಕು ದಿನ ತೂಬಿನ ಹತ್ತಿರವೇ ಇದ್ದರು. ಕೆರೆಯ ಒಳಗೆ, ಏರಿಗೆ ಸಮೀಪ, ಎರಡು ಕಲ್ಲುಕಂಬ ನಿಂತಿವೆ. ಅವುಗಳ ಬುಡದಲ್ಲಿ ನೀರು ಹೊರಗೆ ಹೋಗುವ ಕಂಡಿ. ಕಂಡಿಯಲ್ಲಿ ತುಂಬಿದ್ದ ಮಣ್ಣನ್ನು ಒಳಗೆ ಮಲಗಿ ಕೈಯಿಂದಲೇ ತೆಗೆದರು. ಮರ ಕೆತ್ತಿ ಅದಕ್ಕೊಂದು ಹೊಸ ಬಿರಡೆ ಮಾಡಿ ಕೂರಿಸಿದರು. ಸಮಿತಿಯವರು ಅದನ್ನು ಒಂದು ಕೆಲಸ ಎಂದೇ ಪರಿಗಣಿಸಲಿಲ್ಲ. ನಾನು ಪ್ರತಿ ವಾರ ಬರೆಯುತ್ತಿದ್ದ ವರದಿಯಲ್ಲೂ ಅದು ಬರಲಿಲ್ಲ.

ಮಳೆ ಬಂತು. ಆ ವರ್ಷ ಒಳ್ಳೆಯ ಮಳೆಯೇ. ಅಕ್ಕಪಕ್ಕದ ಊರಿನ ಕೆರೆಗಳು ತುಂಬಿದವು. ನಮ್ಮ ಕೆರೆಯ ನಡುವೆ ಮಾತ್ರ ಎಮ್ಮೆ ಮೈ ತೊಳೆಯುವಷ್ಟು ನೀರು. ಜನ ಮೊದಲು ಮಳೆಯನ್ನು ಬೈದರು. ಆಮೇಲೆ ಸಮಿತಿಯನ್ನು ಬೈದರು. ಗೋಡನ್ನು ಜಾಸ್ತಿ ಹೊತ್ತವರು ಯಾರು, ಯಾರ ಹೊಲಕ್ಕೆ ಎಷ್ಟು ಟ್ರ್ಯಾಕ್ಟರು ಹೋಯಿತು ಎಂದೆಲ್ಲ ಮಾತು ಬೆಳೆಯಿತು. ಅಪ್ಪನಿಗೆ ಅವಮಾನವಾಗಿತ್ತು.

ಆಗ ನನಗೆ ನೀರ್ಗಂಟಿಯ ಪ್ರಶ್ನೆ ನೆನಪಾಯಿತು. ಪಂಪ್‌ಹೌಸಿಗೆ ಹೋಗಿ, ನೀರು ಬರುವ ದಾರಿ ತೋರಿಸಿ ಎಂದೆ. ಅವರು ನನ್ನ ಹಿಂದೆ ಯಾರಾದರೂ ಬಂದಿದ್ದಾರೋ ಎಂದು ನೋಡಿದರು.

"ನೀವೊಬ್ರೇಯ?"

"ಹೂಂ."

"ಬನ್ನಿ ಮತ್ತ."

ಊರಿನಿಂದ ಮೂರು ಮೈಲಿ ಆಚೆಗಿರುವ ಗುಡ್ಡದ ಬುಡದವರೆಗೆ ನಡೆದೆವು. ಅಲ್ಲಿಂದ ತಿರುಗಿ ನೀರಿನ ಜೊತೆ ಇಳಿದು ಬಂದ ಹಾಗೆ ಇಳಿದೆವು. ನನ್ನ ಕಣ್ಣಿಗೆ ಅಲ್ಲಿ ಬರೀ ಹೊಲ, ಪೊದೆ, ಕಾಲುದಾರಿ. ಅವರು ಗುದ್ದಲಿಯ ಹಿಡಿಯಿಂದ ತೋರಿಸುತ್ತಾ ಹೋದ ಮೇಲೆ ಕಂಡಿತು: ತಗ್ಗಾದ ನೆಲ, ಅದರ ಒಂದು ಪಕ್ಕಕ್ಕೆ ಹೊಂಗೆ ಮರಗಳ ಸಾಲು, ಅಲ್ಲಲ್ಲಿ ಹೂತುಹೋದ ಕಲ್ಲಿನ ಅಂಚು. ಎಲ್ಲೆಲ್ಲಿ ಕಾಲುವೆ ತಿರುಗುತ್ತದೆ, ಎಲ್ಲಿ ಇನ್ನೊಂದು ಹಳ್ಳ ಬಂದು ಕೂಡುತ್ತದೆ ಎಲ್ಲ ಅವರ ಕಾಲಿಗೇ ಗೊತ್ತಿತ್ತು. ಒಂದು ಕಡೆ ನಿಂತು, ಇಲ್ಲಿ ನಮ್ಮಪ್ಪ ಕೂತು ಬುತ್ತಿ ಬಿಚ್ಚುತ್ತಿದ್ದ ಜಾಗ ಎಂದರು. ಬಿಸಿಲು ಜೋರಾಗಿತ್ತು. ನಾನು ತಂದಿದ್ದ ಬಾಟಲಿಯ ನೀರು ಕೊಟ್ಟೆ. ಬಾಯಿಗೆ ತಾಗಿಸದೆ ಎತ್ತಿ ಕುಡಿದು ಹಿಂದಕ್ಕೆ ಕೊಟ್ಟರು.

ಹೊಂಗೆ ಸಾಲು ಒಂದು ತಂತಿಬೇಲಿಯ ಹತ್ತಿರ ನಿಂತುಹೋಯಿತು. ಬೇಲಿಯ ಆಚೆಗೆ ಬಾಳೆ. ನೀರ್ಗಂಟಿ ಅಲ್ಲೇ ನಿಂತರು.

"ಇಲ್ಲಿಂದಾಚ್ಗ ನಿಮ್ದು ಕಣವ್ವ. ನೀವೇ ನೋಡ್ಕಳಿ."

ಅದು ನಮ್ಮ ತೋಟ. ಅಪ್ಪನ ರಸಬಾಳೆ. ನಂಜನಗೂಡು ರಸಬಾಳೆಗೆ ರೋಗ ಬಂದು ಎಲ್ಲರ ತೋಟಗಳೂ ಹಾಳಾದಾಗ ಅಪ್ಪ ಅಲ್ಲೊಂದು ಭಾಗದಲ್ಲಿ ಉಳಿಸಿಕೊಂಡಿದ್ದರು. ನೆಲ ಒಳ್ಳೆಯದು, ತೇವ ಇರುತ್ತದೆ ಎನ್ನುತ್ತಿದ್ದರು. ಮೈಸೂರಿನಿಂದ ಜನ ಬಂದು ನೋಡಿ, ನೆಡಲು ಕಂದು ಕೇಳಿ ಒಯ್ಯುತ್ತಿದ್ದರು. ಯಾರಿಗೂ ಇಲ್ಲ ಎಂದವರಲ್ಲ. ಆ ಒಳ್ಳೆಯ ನೆಲ ಯಾವುದು, ತೇವ ಎಲ್ಲಿಂದ ಬರುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ನಂಜನಗೂಡಿನ ತಾಲ್ಲೂಕು ಕಚೇರಿಗೆ ಹೋಗಿ ಗ್ರಾಮ ನಕಾಶೆಯ ನಕಲು ತಂದೆ. ಗುಡ್ಡದಿಂದ ಕೆರೆಯವರೆಗೆ ಎರಡು ಗೆರೆ ಎಳೆದು ಕಾಲುವೆ ತೋರಿಸಿದ್ದರು. ನಮ್ಮ ಸರ್ವೆ ನಂಬರಿನ ನಟ್ಟನಡುವೆ ಹೋಗಿತ್ತು. ನಕಾಶೆಯನ್ನು ಮಡಿಸಿ ಶಾಲೆಯ ಬೀರುವಿನಲ್ಲಿ ಇಟ್ಟೆ. ಮನೆಗೆ ಒಯ್ಯಲಿಲ್ಲ.

ಸಮಿತಿಯ ಸಭೆ ಕರೆಯಲೇಬೇಕಾಗಿತ್ತು. ಅದರ ಹಿಂದಿನ ದಿನ ನಾನು ಮಾಡಿದ್ದನ್ನು ಬರೆಯುವುದು ಸುಲಭವಲ್ಲ. ಆದರೆ ಅದನ್ನು ಬಿಟ್ಟರೆ ಈ ಬರಹವೇ ಬೇಕಾಗಿಲ್ಲ. ಮತ್ತೆ ಪಂಪ್‌ಹೌಸಿಗೆ ಹೋಗಿ, ನಕಾಶೆ ಸಿಕ್ಕಿದ್ದನ್ನು ತಿಳಿಸಿ, ಸಭೆಯಲ್ಲಿ ನೀವೇ ಹೇಳಿ ಎಂದೆ.

"ಕಮಿಟಿ ನಿಮ್ದು. ನಕಾಶೆ ನಿಮ್ತಾವು ಅದ. ನೀವೇ ಏಳ್ಬೋದಲ್ಲವ್ವ?"

"ನಾನು ಮಗಳು. ಹೇಳಿದರೆ ಮನೆ ಜಗಳ ಅಂತಾರೆ. ನೀವು ಹೇಳಿದ್ರೆ ಊರು ನಂಬುತ್ತೆ."

ಅವರು ವಾಲ್ವು ತಿರುಗಿಸಿ, ಪೈಪಿಗೆ ಕಿವಿಯಿಟ್ಟು ನೀರು ಹೋಗುವ ಸದ್ದು ಕೇಳಿದರು. ಆಮೇಲೆ ಎದ್ದು ಕೈ ಒರೆಸಿಕೊಂಡರು.

"ನಾನಾಗಿ ಎದ್ದು ಏಳಕಿಲ್ಲ. ನೀವು ಕೇಳುದ್ರ ಏಳ್ತಿನಿ. ಸುಳ್ಳು ಮಾತ್ರ ಏಳಕಿಲ್ಲ."

ಆ ಕೆಲಸ ಪಂಚಾಯ್ತಿ ಕೊಟ್ಟದ್ದು, ಪಂಚಾಯ್ತಿಯಲ್ಲಿ ಅಪ್ಪನ ಮಾತು ನಡೆಯುತ್ತದೆ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ.

ಅರಳಿಕಟ್ಟೆಯಲ್ಲಾದರೆ ಕಾಲೋನಿಯವರು ಬರುವುದಿಲ್ಲ ಎಂದು ಶಾಲೆಯ ಹಾಲಿನಲ್ಲೇ ಸಭೆ ಇಟ್ಟಿದ್ದೆ. ಹಾಲು ತುಂಬಿತ್ತು. ಅಪ್ಪ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನೀರ್ಗಂಟಿ ಬಾಗಿಲ ಹತ್ತಿರ ನಿಂತಿದ್ದರು. ಅವತ್ತು ಗುದ್ದಲಿ ತಂದಿರಲಿಲ್ಲ. ನಾನು ವರದಿ ಓದಿ ಮುಗಿಸಿ ಕೇಳಿದೆ, "ನೀರ್ಗಂಟಿಯವರೇ, ಕೆರೆಗೆ ನೀರು ಬರುವ ಕಾಲುವೆ ಎಲ್ಲಿ ಹೋಯಿತು?"

ಅವರನ್ನು ಬಹುವಚನದಲ್ಲಿ ನಾಲ್ಕು ಜನರ ಮುಂದೆ ಕರೆದದ್ದು ಅದೇ ಮೊದಲು. ಕೆಲವರು ತಿರುಗಿ ನೋಡಿದರು.

"ಗುಡ್ಡದಿಂದ ಒಂಗೆ ಸಾಲ್ನಲ್ಲಿ ಇಳುದು, ಯಜಮಾನ್ರ ಬಾಳೆ ತೋಟದ ಬೇಲಿಗಂಟ ಅದ," ಎಂದರು. "ತೋಟದಿಂದ ಈಚ್ಗ ಮತ್ತ ಅದ. ನಡ್ಮದಲ್ಲಿ ಇಲ್ಲ."

ಹಿಂದಿನಿಂದ ಯಾರೋ ಕೇಳಿದರು, "ಹಂಗಾರ ಮುಚ್ದೋರು ಯಾರು?"

ನೀರ್ಗಂಟಿ ಅತ್ತ ತಿರುಗಿದರು. "ಅದ ನಾನ್ ಏಳ್ಬೇಕಾ? ಆ ತೋಟ ಸಮ ಮಾಡ್ವಾಗ ನೀನೂ ಕೂಲಿಗ ಬಂದಿದ್ದ, ನಾನೂ ಬಂದಿದ್ದಿ. ಇಲ್ಲಿರ ಅರ್ಧ ಜನ ಬಂದಿದ್ರು. ಕಾಲ್ವ ಅಂತ ಗೊತ್ತಿದ್ದೂ ಮಣ್ಣು ಉಯ್ದಿವಿ. ನಮ್ಮಪ್ಪ ಏರಿ ಮ್ಯಾಲ ಕೂತು ನೋಡ್ತಿದ್ದ. ಆವತ್ತಿಂದ ಅವ ನಂಜೊತ ಮಾತಾಡ್ನಿಲ್ಲ."

ಅಷ್ಟು ಹೇಳಿ ಅವರು ಹೊರಗೆ ಹೋಗಲಿಲ್ಲ. ಅಲ್ಲೇ ನಿಂತರು. ಎದ್ದು ಹೋದವರು ಅಪ್ಪ. ಹೋಗುವಾಗ ನನ್ನ ಮುಂದಿದ್ದ ನಕಾಶೆಯನ್ನು ಒಂದು ಸಲ ನೋಡಿದರು. ಅದನ್ನು ತಂದವರು ಯಾರು ಎಂದು ಕೇಳುವ ಅಗತ್ಯ ಅವರಿಗಿರಲಿಲ್ಲ.

ಒಂದು ತಿಂಗಳಿಗೆ ನೀರ್ಗಂಟಿಯನ್ನು ಕೆಲಸದಿಂದ ಬಿಡಿಸಿದರು. ವಯಸ್ಸಾಯಿತು ಎಂದು ಕಾರಣ ಬರೆದಿದ್ದರು. ಅಪ್ಪ ಹೇಳಿ ಬಿಡಿಸಿದ್ದಲ್ಲ. ಅವರು ಅಷ್ಟು ಕೆಳಗಿಳಿಯುವವರಲ್ಲ. ಅವರಿಗೆ ಸಂತೋಷವಾಗಲಿ ಎಂದು ಬೇರೆಯವರು ಮಾಡಿದರು. ಅಪ್ಪ ಬೇಡ ಎನ್ನಲಿಲ್ಲ. ಸದಸ್ಯರೊಬ್ಬರ ಅಕ್ಕನ ಮಗ ವಾಟರ್‌ಮನ್ ಆದ. ನೀರ್ಗಂಟಿ ನಂಜನಗೂಡಿನಲ್ಲಿದ್ದ ಮಗಳ ಮನೆಗೆ ಹೋಗಿ, ತಾಂಡವಪುರದ ಕಡೆ ಯಾವುದೋ ಗೋಡೌನಿಗೆ ವಾಚ್‌ಮನ್ ಆಗಿ ಸೇರಿದರು ಎಂದು ಕೇಳಿದೆ. ಅರವತ್ತಕ್ಕೆ ವಯಸ್ಸಾಯಿತು ಎಂದು ಬಿಡಿಸಿದವರಿಗೆ ವಾಚ್‌ಮನ್ ಕೆಲಸಕ್ಕೆ ವಯಸ್ಸು ಅಡ್ಡ ಬರಲಿಲ್ಲ.

ಅಪ್ಪ ನನ್ನ ಜೊತೆ ಏಳು ತಿಂಗಳು ಮಾತಾಡಲಿಲ್ಲ. ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ. ಏನಾದರೂ ಹೇಳಬೇಕಾದರೆ ಅಮ್ಮನಿಗೆ ಹೇಳುತ್ತಿದ್ದರು, ನಾನು ಎದುರಿಗೇ ಇದ್ದರೂ. ಅದು ಹೇಗಿರುತ್ತದೆ ಎಂದು... ಇರಲಿ.

ಮುಂದಿನ ವರ್ಷ ಮುಂಗಾರಿಗೆ ಇನ್ನೂ ಒಂದು ತಿಂಗಳಿದ್ದಾಗ, ಒಂದು ಬೆಳಗ್ಗೆ ನಾನು ಶಾಲೆಗೆ ಹೊರಡುತ್ತಿದ್ದೆ. ಅಪ್ಪ ಜಗುಲಿಯಿಂದ ಕರೆದರು.

"ಆ ನಕಾಶೆ ತಗಂಡು ತೋಟಕ್ಕೆ ಬಾ."

ಹೋದೆ. ಎಂಟು ಆಳುಗಳು ಮಚ್ಚು, ಗುದ್ದಲಿ ಹಿಡಿದು ನಿಂತಿದ್ದರು. ನಕಾಶೆ ನೋಡಿ ಅಪ್ಪ ತಾವೇ ಗೂಟ ಹೊಡೆದು ಹಗ್ಗ ಕಟ್ಟಿದರು. ಹಗ್ಗದ ಎರಡು ಪಕ್ಕದ ರಸಬಾಳೆಯನ್ನು ಕಡಿಸಿದರು. ಗೊನೆ ಬಿಟ್ಟಿದ್ದ ಗಿಡಗಳೂ ಅದರಲ್ಲಿದ್ದವು. ಕಂದುಗಳನ್ನು ಹುಷಾರಾಗಿ ಕೀಳಿಸಿ ಮೇಲಿನ ಹೊಲದಲ್ಲಿ ನೆಡಿಸಿದರು. ಆ ಹೊಲದಲ್ಲಿ ಅವು ಉಳಿಯಲಿಲ್ಲ. ಎರಡೇ ವರ್ಷಕ್ಕೆ ಹಳೆಯ ರೋಗವೇ ಬಂದು ಎಲ್ಲ ಹೋದವು. ಯಾಕೆ ಮನಸ್ಸು ಬದಲಾಯಿತು ಎಂದು ಅಪ್ಪ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರು ಮತ್ತೆ ಮಾತಾಡಿದ್ದೇ ನನಗೆ ಸಾಕಾಗಿತ್ತು.

ಆ ವರ್ಷ ಎರಡು ದಿನ ಎಡೆಬಿಡದೆ ಮಳೆ ಹೊಯ್ದಿತು. ಮೂರನೇ ಬೆಳಗ್ಗೆ ಊರಿನವರೆಲ್ಲ ಏರಿಯ ಮೇಲೆ. ಕೆರೆ ತುಂಬಿತ್ತು. ಮಕ್ಕಳು ಕುಣಿದರು, ಹೆಂಗಸರು ಅರಿಶಿನ ಕುಂಕುಮ ತಂದರು. ಅರ್ಧ ಗಂಟೆ ಕಳೆದ ಮೇಲೆ ಒಬ್ಬರು ಗಮನಿಸಿದರು, ನೀರು ಇನ್ನೂ ಏರುತ್ತಲೇ ಇತ್ತು. ಹೆಚ್ಚಾದ ನೀರು ಹೋಗಬೇಕಾದ ಕೋಡಿಯನ್ನು ಸಮಿತಿ ಎರಡಡಿ ಎತ್ತರಿಸಿ ಸಿಮೆಂಟು ಹಾಕಿಸಿತ್ತು. ಬಾಗಿನ ಬಿಡುವ ದಿನ ಗಣ್ಯರು ನಿಲ್ಲಲು ಜಾಗ ಬೇಕು, ನೀರೂ ಜಾಸ್ತಿ ನಿಲ್ಲುತ್ತದೆ ಎಂದು ಲೆಕ್ಕ. ನಾನೂ ಸಹಿ ಮಾಡಿದ್ದೆ. ಏರಿಯ ಆಚೆ ಬದಿಯಲ್ಲಿ ಒಂದು ಕಡೆ ಮಣ್ಣು ಒದ್ದೆಯಾಗಿ ನೀರು ಜಿನುಗತೊಡಗಿತು. ಏರಿ ಒಡೆದರೆ ಕೆಳಗೆ ಮೊದಲು ಸಿಗುವುದು ಕಾಲೋನಿ.

ತೂಬು ಎತ್ತಿ ಎಂದರು. ಎತ್ತುವವರು ಯಾರು? ಕಂಡಿ ಎಲ್ಲಿದೆ, ಬಿರಡೆ ಯಾವ ಕಡೆಗೆ ಎಳೆಯಬೇಕು, ಒಬ್ಬರಿಗೂ ತಿಳಿಯದು. ಇಬ್ಬರು ಹುಡುಗರು ಈಜಿ ಹೋಗಿ ಕಂಬ ಹಿಡಿದು ಸುಮ್ಮನೆ ವಾಪಸು ಬಂದರು. ನಾನು ನೀರ್ಗಂಟಿಯ ಮಗಳಿಗೆ ಫೋನು ಮಾಡಿದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ನಂಬರು ಇತ್ತು.

ಯಾರದೋ ಬೈಕಿನ ಹಿಂದೆ ಕೂತು ಅವರು ಬಂದಾಗ ಇನ್ನೂ ಹತ್ತು ಗಂಟೆಯಾಗಿರಲಿಲ್ಲ. ನೀಲಿ ಶರಟು, ಹೆಗಲಿಗೆ ಪಟ್ಟಿ, ಎದೆಗೆ ಕಂಪನಿಯ ಕಾರ್ಡು. ಏರಿ ಹತ್ತಿ ಮೊದಲು ಕೋಡಿಯ ಕಡೆ ನೋಡಿದರು.

"ಆ ಸಿಮೆಂಟು ಒಡೀರಿ ಮೊದ್ಲು. ಏನ ನೋಡ್ತಾ ನಿಂತಿದ್ದರಿ?"

ಅವರು ಊರಿನವರಿಗೆ ಗದರಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸಮಿತಿಯವರೇ ಹಾರೆ ಹಿಡಿದು ಹೋದರು. ನೀರ್ಗಂಟಿ ಶರಟು ಬಿಚ್ಚಿ ಮಡಿಸಿ, ಕಾರ್ಡಿನ ಸಮೇತ ನನ್ನ ಕೈಗೆ ಕೊಟ್ಟರು. ಮೆಲ್ಲಗೆ ನೀರಿಗೆ ಇಳಿದು ಕಂಬದವರೆಗೆ ಈಜಿದರು. ಒಂದು ಸಲ ಮುಳುಗಿ ಎದ್ದರು. ಎರಡನೇ ಸಲ ಮುಳುಗಿದವರು ಬಹಳ ಹೊತ್ತು ಏಳಲಿಲ್ಲ. ನನ್ನ ಪಕ್ಕದಲ್ಲಿದ್ದ ಅಪ್ಪ ಒಂದು ಹೆಜ್ಜೆ ನೀರಿನೊಳಗೆ ಇಟ್ಟಿದ್ದರು; ಅಪ್ಪನಿಗೆ ಈಜು ಬರುವುದಿಲ್ಲ. ಆಮೇಲೆ ತಲೆ ಕಾಣಿಸಿತು. ಕೆಮ್ಮಿದರು, ಕಂಬ ಹಿಡಿದು ಸುಧಾರಿಸಿಕೊಂಡರು, ಮತ್ತೆ ಮುಳುಗಿದರು. ಈ ಸಲ ಏರಿಯ ಆಚೆ ಬದಿಯಿಂದ ಕೂಗು ಕೇಳಿತು. ಗದ್ದೆಗಳ ಕಡೆಯ ಕಾಲುವೆಗೆ ನೀರು ನುಗ್ಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೋಡಿಯೂ ಹರಿದು, ಜಿನುಗುವುದು ಕಡಿಮೆಯಾಯಿತು.

ಅವರು ಮೇಲೆ ಬಂದಾಗ ನಡುಗುತ್ತಿದ್ದರು. ತುಟಿ ನೀಲಿಯಾಗಿತ್ತು. ಅಪ್ಪ ತಮ್ಮ ಹೆಗಲ ಮೇಲಿದ್ದ ಟವಲು ತೆಗೆದು ಕೊಟ್ಟರು. ನೀರ್ಗಂಟಿ ಒಂದು ಕ್ಷಣ ತಡೆದು, ತಲೆ ಒರೆಸಿಕೊಂಡರು. ಒರೆಸಿಕೊಂಡ ಟವಲನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಕಾಲೋನಿಗೆ ಕೊಟ್ಟ ಬಟ್ಟೆಯನ್ನು ನಮ್ಮ ಮನೆಯಲ್ಲಿ ವಾಪಸು ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಅಪ್ಪ ಕೈ ಚಾಚಿ ಅದನ್ನು ಇಸಿದುಕೊಂಡು, ಒದ್ದೆಯಾಗಿದ್ದ ಹಾಗೇ ಮತ್ತೆ ಹೆಗಲಿಗೆ ಹಾಕಿಕೊಂಡರು.

ನಾನು ಶರಟು ಕೊಟ್ಟೆ. ಮನೆಗೆ ಬಂದು ಊಟ ಮಾಡಿಕೊಂಡು ಹೋಗಿ ಎಂದೆ.

"ಎರಡು ಗಂಟ್ಗ ಶಿಫ್ಟು ಅದ ಕಣವ್ವ," ಎಂದು ಅದೇ ಬೈಕು ಹತ್ತಿದರು.

ಮುಂದಿನ ವಾರ ಬಾಗಿನ ಬಿಟ್ಟರು. ಭಾಷಣಗಳಾದವು. ಸಂಸ್ಥೆಯವರಿಗೆ ನಾನು ಕೊನೆಯ ವರದಿ ಬರೆದುಕೊಟ್ಟೆ. ಅದರಲ್ಲಿ ಸಮಿತಿಯ ಹದಿನಾರು ಜನರ ಹೆಸರಿದೆ. 'ಸ್ಥಳೀಯ ಹಿರಿಯರ ಮಾರ್ಗದರ್ಶನದಲ್ಲಿ' ಎಂಬ ಒಂದು ಸಾಲೂ ಇದೆ. ಅವರ ಕೆಲಸವನ್ನು ವಾಪಸು ಕೊಡಿಸಬೇಕೆಂದು ಪಂಚಾಯ್ತಿಗೆ ಒಂದು ಅರ್ಜಿ ಬರೆಯಬಹುದಾಗಿತ್ತು. ಅಪ್ಪನೂ ಒಂದು ಮಾತು ಹೇಳಬಹುದಾಗಿತ್ತು. ಟವಲು ಕೊಟ್ಟದ್ದರಲ್ಲೇ ಎಲ್ಲ ಸರಿಹೋಯಿತು ಎಂದು ಅವರು ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡವಳಂತೆ ನಡೆದುಕೊಂಡೆ.

ಆಮೇಲೆ ನನಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಅಪ್ಪ ತೀರಿಕೊಂಡರು. ಇಲ್ಲಿ ನಾನು ಶಾಲೆಯ ಪರಿಸರ ಕ್ಲಬ್ಬು ನೋಡಿಕೊಳ್ಳುತ್ತೇನೆ. ಸಂಗಮದಲ್ಲಿ ಪ್ಲಾಸ್ಟಿಕ್ ಆರಿಸುವುದು, ಬೀಜದುಂಡೆ ಮಾಡಿಸುವುದು, ಸೈಕಲ್ ಜಾಥಾ. ಕೆರೆ ತುಂಬಿಸಿದ ಅನುಭವ ಹೇಳಿ ಎಂದು ಅಲ್ಲಿ ಇಲ್ಲಿ ಕರೆಯುತ್ತಾರೆ, ಹೋಗಿ ಹೇಳುತ್ತೇನೆ. ಮೂರು ವರ್ಷದ ಹಿಂದೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನೀರ್ಗಂಟಿ ಹೋದರು ಎಂದು ಬಂತು. ಕೈ ಮುಗಿದ ಗುರುತೊಂದನ್ನು ಹಾಕಿ ಫೋನು ಕೆಳಗಿಟ್ಟೆ. ಅವತ್ತು ಪರೀಕ್ಷೆಯ ಪೇಪರು ನೋಡುವುದಿತ್ತು.

ಗೋಡು ತಂದ ಮುಂದಿನ ಭಾನುವಾರ ನಂಜನಗೂಡಿನ ಬಸ್ಸು ಹತ್ತಿದೆ. ಅವರ ಮಗಳು ಈಗ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಅವರ ಪಕ್ಕ ನೀಲಿ ಶರಟಿನ ನೀರ್ಗಂಟಿ. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಕುರ್ಚಿ ಹಾಕಿದಳು, ಟೀ ಕೊಟ್ಟಳು, ತಾನೇ ಮಾತಾಡಿದಳು. ಆವತ್ತು ನೀರಿಗಿಳಿದು ಬಂದ ಮೇಲೆ ಹದಿನೈದು ದಿನ ಜ್ವರ ಮಲಗಿದ್ದರಂತೆ. ಆ ವಾಚ್‌ಮನ್ ಕೆಲಸವೂ ಅದರಲ್ಲೇ ಹೋಯಿತಂತೆ. ಬೇರೆ ಕಡೆ ಸೇರಿದರಂತೆ. ಪ್ರತಿ ಮಳೆಗಾಲದಲ್ಲೂ ಒಂದು ದಿನ ಬಸ್ಸು ಹತ್ತಿ ಊರಿಗೆ ಹೋಗಿ, ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಯಾರ ಮನೆಗೂ ಹೋಗದೆ ವಾಪಸು ಬರುತ್ತಿದ್ದರಂತೆ.

ನಿಮ್ಮ ಅಪ್ಪನ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ.

"ಬರೀರಿ. ಹೆಸರು ಹಾಕ್ಬೇಡಿ," ಎಂದಳು. ಆಮೇಲೆ, "ಒಂದು ಕೇಳ್ಲಾ ಟೀಚರ್? ಅಪ್ಪನ್ನ ಕೆಲಸದಿಂದ ತೆಗೆದಾಗ ನೀವ್ಯಾಕೆ ಸುಮ್ಮನಿದ್ರಿ?"

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ನಾನು ಎರಡು ಮೂರು ಉತ್ತರ ಜೋಡಿಸಿಕೊಂಡಿದ್ದೆ. ಅವನ್ನೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

"ತೆಗೆದಾಗ ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಮಾತಾಡೋಕೆ ಶುರು ಮಾಡಿದರು. ಮತ್ತೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ... ಅಷ್ಟೇ."

ಅವಳು ಖಾಲಿ ಲೋಟ ತೆಗೆದುಕೊಂಡಳು. "ಅಪ್ಪನೂ ಅದನ್ನೇ ಅಂತಿದ್ರು. 'ಆ ಟೀಚರವ್ವ ಅವ್ರಪ್ಪನ್ನ ಒಂದ್ಸಲ ಎದುರಾಕ್ಕಂಡದ. ಎರಡನೇ ಸಲ ಅದ್ರ ಕೈಲಾಗಕಿಲ್ಲ, ಬುಡು ಮಗ' ಅಂತ. ಅಪ್ಪ ಬಿಟ್ಬಿಟ್ಟಿದ್ರು. ನಾನು ಬಿಟ್ಟಿಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ತರಗತಿಯಲ್ಲಿ ಹಾಜರಿ ಹೇಳುವಾಗಿನ ಧ್ವನಿ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ನರಸೀಪುರದ ಬಸ್ಸು ತೋರಿಸಿ, ನಾನು ಹತ್ತಿ ಕೂರುವ ತನಕ ನಿಂತಿದ್ದಳು. ಕಿಟಕಿಯಿಂದ ಏನಾದರೂ ಹೇಳಬೇಕೆನ್ನಿಸಿತು. ನೀರ್ಗಂಟಿಗೆ ಹೇಳಬೇಕಾಗಿದ್ದನ್ನು ನಾನು ಅವರ ಮಗಳಿಗೆ ಹೇಳಿಯಾಗಿತ್ತು. ಎರಡೂ ಒಂದೇ ಅಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.